ಹೊಂಡದ ದಾರಿಯಲ್ಲೂ ಹದವಾಗಿ ಓಡಲಿ ಕಾರು

ಮಳೆಗಾಲ ಮುಗಿಯುತ್ತಿದ್ದ ಹಾಗೇ ನಮ್ಮ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಒಂದು, ದಸರಾ-ದೀಪಾವಳಿ ರಜೆಗೆ ಊರಿಗೆ ಹೊರಡುವ ತಯಾರಿ. ಇನ್ನೊಂದು, ಊರಿನವರಿಗೆ ಫೋನ್ ಮಾಡಿ "ಈ ಸಲ ರಸ್ತೆ ಹೇಗಿದೆ?" ಅಂತ ವಿಚಾರಿಸುವುದು. ಉತ್ತರ ಹೆಚ್ಚುಕಡಿಮೆ ಗೊತ್ತಿರುವುದೇ. "ಘಾಟಿವರೆಗೂ ತೊಂದರೆ ಇಲ್ಲ, ಆಮೇಲೆ ದೇವರೇ ಗತಿ!"

ಆ 'ದೇವರೇ ಗತಿ' ದಾರಿಯಲ್ಲಿ ಹಿಂದಿನ ಸೀಟಿನವರ ಪಾಡು ಕೇಳಬೇಡಿ. ಅಜ್ಜಿಗೆ ಸೊಂಟ ನೋವು, ಮಗುವಿಗೆ ವಾಂತಿ, ಡಿಕ್ಕಿಯಲ್ಲಿರುವ ಚಕ್ಕುಲಿ ಡಬ್ಬಿಯೊಳಗೆ ಬರೀ ಪುಡಿ. ಓಡಿಸುವವರಿಗೆ ಬೇರೆಯದೇ ಆತಂಕ. ಗುಂಡಿ ಹಾರಿದ ಕೂಡಲೇ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ, ತಿರುವಿನಲ್ಲಿ ಕಾರು ಓಲಾಡುತ್ತದೆ, ಎದುರಿನಿಂದ ಬಸ್ ಬರುತ್ತಿರುತ್ತದೆ. ಹಾಗಾಗಿ ಕುಲುಕಾಟವನ್ನು ಬರೀ ಆರಾಮದ ವಿಷಯ ಅಂತ ತಳ್ಳಿಹಾಕುವಂತಿಲ್ಲ. ಚಕ್ರ ನೆಲ ಬಿಟ್ಟಷ್ಟು ಹೊತ್ತು ಬ್ರೇಕೂ ಹಿಡಿಯುವುದಿಲ್ಲ, ಸ್ಟೇರಿಂಗೂ ಮಾತು ಕೇಳುವುದಿಲ್ಲ.

ಇದಕ್ಕೆ ಪರಿಹಾರ ಕೇಳಿದರೆ ಸಲಹೆಗಳಿಗೇನೂ ಬರ ಇಲ್ಲ. "ಸ್ಪ್ರಿಂಗ್ ಗಟ್ಟಿ ಮಾಡಿಸಿ", "ಕಾರನ್ನು ಒಂದಿಂಚು ಎತ್ತರಿಸಿ", "ದೊಡ್ಡ ಅಲಾಯ್ ಹಾಕಿಸಿ", "ಟೈರಿನ ಗಾಳಿ ಇಳಿಸಿ". ಇವುಗಳಲ್ಲಿ ಯಾವುದು ಸರಿ, ಯಾವುದು ದುಡ್ಡು ದಂಡ, ಯಾವುದು ಅಪಾಯ? ಒಂದೊಂದಾಗಿ ನೋಡೋಣ.

ಅಡಿಯಲ್ಲಿ ಇರುವುದೇನು?

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಚಕ್ರ ಗುಂಡಿಗೆ ಇಳಿದು ಹತ್ತಿದಾಗ ಸ್ಪ್ರಿಂಗ್ ಕುಗ್ಗಿ, ಹಿಗ್ಗಿ ಆ ಪೆಟ್ಟನ್ನು ನುಂಗುತ್ತದೆ. ಆದರೆ ಅದಕ್ಕೊಂದು ದುರ್ಗುಣ ಉಂಟು. ಒಮ್ಮೆ ಕುಣಿಯತೊಡಗಿದರೆ ತಾನಾಗಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಗ್ಯಾರೇಜಿನವರು 'ಶಾಕಪ್' ಎನ್ನುವ ಶಾಕ್ ಅಬ್ಸಾರ್ಬರ್. ಅದರ ಕೊಳವೆಯೊಳಗೆ ಎಣ್ಣೆ ಇದೆ, ಎಣ್ಣೆಯಲ್ಲಿ ಓಡಾಡುವ ಪಿಸ್ಟನ್ ಇದೆ, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ರಂಧ್ರಗಳೂ ವಾಲ್ವ್‌ಗಳೂ ಇವೆ. ಎಣ್ಣೆ ಆ ಕಿರಿದಾದ ದಾರಿಯಲ್ಲಿ ಕಷ್ಟಪಟ್ಟು ನುಗ್ಗಬೇಕು. ಆ ತಿಕ್ಕಾಟದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ದೂರ ಓಡಿದ ಕಾರಿನ ಶಾಕಪ್ ಬಿಸಿಯಾಗಿರುವುದು ಇದಕ್ಕೇ.

ಇವೆರಡರ ಜೊತೆ ಕಾಣದ ಕೆಲಸಗಾರರೂ ಇದ್ದಾರೆ. ಚಕ್ರವನ್ನು ಜಾಗದಲ್ಲಿ ಹಿಡಿದಿಡುವ ಲೋವರ್ ಆರ್ಮ್, ಅದರ ತುದಿಯ ಬಾಲ್ ಜಾಯಿಂಟ್, ಲೋಹಕ್ಕೂ ಲೋಹಕ್ಕೂ ನಡುವೆ ಕೂತ ರಬ್ಬರ್ ಬುಷ್‌ಗಳು, ಎಡ-ಬಲ ಚಕ್ರಗಳನ್ನು ಜೋಡಿಸಿ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್, ಅದರ ಲಿಂಕ್ ರಾಡ್. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದೆ ಸ್ಪ್ರಿಂಗ್, ಶಾಕಪ್ ಎರಡೂ ಒಂದೇ ಕಂಬದಂತೆ ನಿಂತಿರುತ್ತವೆ. ಅದಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಅಂತ ಹೆಸರು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಬಂದ ಫೋರ್ಡ್ ಕಾನ್ಸುಲ್ ಕಾರಿನಿಂದ ಹೆಸರಾಯಿತು. ಕಡಿಮೆ ಜಾಗ, ಕಡಿಮೆ ಖರ್ಚು. ಹಾಗಾಗಿಯೇ ಇವತ್ತಿಗೂ ಅದು ಎಲ್ಲೆಲ್ಲೂ ಇದೆ.

ಗಟ್ಟಿ ಮಾಡಿದರೆ ಸ್ಥಿರವಾಗುತ್ತದೆಯೇ?

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿದೆ. ನುಣುಪಾದ ರಸ್ತೆಯ ತಿರುವಿನಲ್ಲಿ ಗಟ್ಟಿ ಸಸ್ಪೆನ್ಷನ್ ಕಾರನ್ನು ಬಿಗಿಯಾಗಿ ಹಿಡಿಯುತ್ತದೆ, ನಿಜ. ರೇಸ್ ಕಾರುಗಳು ಹಾಗಿರುವುದೂ ಅದಕ್ಕೇ. ಆದರೆ ಹೊಂಡದ ರಸ್ತೆಯಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಗಟ್ಟಿ ಸ್ಪ್ರಿಂಗ್ ಬಗ್ಗುವುದಿಲ್ಲ, ಚಕ್ರವನ್ನು ನೆಲದಿಂದ ಹಾರಿಸುತ್ತದೆ. ಹಾರಿದ ಚಕ್ರಕ್ಕೆ ಹಿಡಿತ ಇಲ್ಲ.

1948ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಬಂದ ಸಿಟ್ರೋಯೆನ್ 2ಸಿವಿ ಕಾರಿನ ಕಥೆ ಇಲ್ಲಿ ನೆನಪಾಗುತ್ತದೆ. ಫ್ರಾನ್ಸಿನ ರೈತರಿಗಾಗಿ ಮಾಡಿದ ಕಾರು ಅದು. ಉತ್ತ ಹೊಲದ ಮೇಲೆ ಓಡಿಸಿದರೂ ಬುಟ್ಟಿಯಲ್ಲಿಟ್ಟ ಮೊಟ್ಟೆ ಒಡೆಯಬಾರದು ಎಂಬುದು ಅದನ್ನು ಕಟ್ಟಿದವರ ಮುಂದಿದ್ದ ಷರತ್ತು. ಅವರು ಕಾರನ್ನು ಗಟ್ಟಿ ಮಾಡಲಿಲ್ಲ. ಮೆತ್ತನೆಯ ಸ್ಪ್ರಿಂಗ್ ಕೊಟ್ಟು, ಚಕ್ರ ಮೇಲೆ ಕೆಳಗೆ ಧಾರಾಳವಾಗಿ ಆಡಲು ಜಾಗ ಬಿಟ್ಟರು. ತಿರುವಿನಲ್ಲಿ ಆ ಕಾರು ಹಡಗಿನ ಹಾಗೆ ವಾಲುತ್ತಿತ್ತು, ಚಕ್ರಗಳು ಮಾತ್ರ ನೆಲ ಕಚ್ಚಿಕೊಂಡೇ ಇರುತ್ತಿದ್ದವು.

ಹಾಗಂತ ತೀರಾ ಮೆತ್ತಗೂ ಆಗಬಾರದು. ಸಾಮಾನ್ಯ ಕಾರಿನ ಮೈ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಆಡುವ ಹಾಗೆ ಕಂಪನಿಗಳು ಹದ ಮಾಡಿರುತ್ತವೆ. ಅದಕ್ಕಿಂತ ಬಹಳ ನಿಧಾನವಾಗಿ ತೇಲುತ್ತಾ ಹೋದರೆ ಹೊಟ್ಟೆ ತೊಳಸುತ್ತದೆ, ದೋಣಿಯಲ್ಲಿ ಆಗುತ್ತದಲ್ಲ, ಹಾಗೆ. ಇನ್ನೊಂದು ಕಡೆ, ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರಾಟ ಕೂತಿರುವ ಮನುಷ್ಯನ ಬೆನ್ನಿಗೂ ಹೊಟ್ಟೆಗೂ ಹೆಚ್ಚು ನಾಟುತ್ತದೆ. ಕಾರನ್ನು ಗಟ್ಟಿ ಮಾಡಿಸುತ್ತಾ ಹೋದಷ್ಟೂ ಈ ಅದುರಾಟಕ್ಕೆ ಹತ್ತಿರವಾಗುತ್ತೀರಿ. ಅಡುಗೆಯ ಉಪ್ಪಿನ ಹಾಗೆ ಇದು. ಹದ ತಪ್ಪಿದರೆ ಎರಡೂ ಕಡೆ ಕೆಡುತ್ತದೆ.

ನಮ್ಮ ರಸ್ತೆಗಳಿಗೆ ಮೂರು ಮುಖ

ಕೆಟ್ಟ ರಸ್ತೆ ಅಂದರೆ ಎಲ್ಲವೂ ಒಂದೇ ಅಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ ಕಡೆ ಮಳೆನೀರು ಡಾಂಬರಿನ ಅಡಿಗೆ ನುಗ್ಗಿ ಅಂಚು ಚೂಪಾದ ಹೊಂಡಗಳನ್ನು ಮಾಡುತ್ತದೆ. ಇಲ್ಲಿ ಪೆಟ್ಟು ತಿನ್ನುವುದು ಟೈರ್, ರಿಮ್, ಲೋವರ್ ಆರ್ಮ್.

ಉತ್ತರ ಕರ್ನಾಟಕದ ಎರೆಭೂಮಿಯ ಕಥೆಯೇ ಬೇರೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಚೆನ್ನಾಗಿಯೇ ಕಂಡರೂ ರಸ್ತೆ ಅಲೆಅಲೆಯಾಗಿರುತ್ತದೆ. ವೇಗವಾಗಿ ಹೋದರೆ ಕಾರು ಏರಿ ಇಳಿದು ತೇಲತೊಡಗುತ್ತದೆ. ಶಾಕಪ್ ಸೋತಿದ್ದರೆ ಅದು ಬಯಲಾಗುವುದು ಇಲ್ಲೇ.

ಮೂರನೆಯದು ಊರೊಳಗಿನ ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇದ್ದು ನಿಧಾನವಾಗಿ ಉಬ್ಬಿರಬೇಕು. ನಮ್ಮ ಬೀದಿಯಲ್ಲಿ ಅದೇ ಎತ್ತರವನ್ನು ಒಂದು ಮೊಳದ ಅಗಲದಲ್ಲಿ ಕಟ್ಟಿಬಿಡುತ್ತಾರೆ. ಬಣ್ಣವೂ ಇಲ್ಲ, ಫಲಕವೂ ಇಲ್ಲ. ಅದರ ಮೇಲೆ 40ರಲ್ಲಿ ಹೋದರೆ ಎಂಥಾ ಸಸ್ಪೆನ್ಷನ್ ಇದ್ದರೂ ದಡಕ್ ಅನ್ನಲೇಬೇಕು.

ಮೊದಲು ಕಾಯಿಲೆ ಗುರುತಿಸಿ

ಹೊಸ ಸಾಮಾನು ಕೊಳ್ಳುವ ಮೊದಲು ಇರುವುದು ಸರಿ ಇದೆಯೇ ನೋಡಿ. ನಾಲ್ಕೈದು ವರ್ಷದ ಕಾರು ಕುಲುಕುತ್ತಿದ್ದರೆ ಹತ್ತಕ್ಕೆ ಎಂಟು ಸಲ ಕಾರಣ ಸವೆತ. ಸವೆದದ್ದನ್ನು ಬದಲಿಸಿದರೆ ಸಾಕು, ಕಾರು ಹೊಸದರ ಹಾಗೆ ಆಗುತ್ತದೆ.

ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸಮನೆಲದಲ್ಲಿ ಕಾರು ನಿಲ್ಲಿಸಿ, ಒಂದು ಮೂಲೆಯನ್ನು ಎರಡೂ ಕೈಯಿಂದ ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಆ ಮೂಲೆಯ ಶಾಕಪ್ ಕೆಲಸ ಬಿಟ್ಟಿದೆ. ನಾಲ್ಕೂ ಮೂಲೆ ಹೀಗೆ ನೋಡಿ. ಅರ್ಧ ಸೋತ ಶಾಕಪ್ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುವುದೂ ಉಂಟು. ಅದಕ್ಕೇ ಬಗ್ಗಿ ಕೊಳವೆಯನ್ನೂ ನೋಡಿ. ಎಣ್ಣೆ ಒಸರಿ ಧೂಳು ಮೆತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಟೈರನ್ನು ಅಂಗೈಯಿಂದ ಸವರಿ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು-ದಿಣ್ಣೆ ಸಿಕ್ಕರೆ ಚಕ್ರ ನೆಲದ ಮೇಲೆ ಕುಪ್ಪಳಿಸುತ್ತಾ ಓಡಿದೆ ಎಂದರ್ಥ, ಶಾಕಪ್ ಮೇಲೆ ಅನುಮಾನ ಪಡಿ. ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ.

ಇನ್ನು ಸದ್ದು. ಸಣ್ಣ ಗುಂಡಿಗೂ ಮುಂದಿನಿಂದ 'ಕಟಕಟ' ಬಂದರೆ ಹೆಚ್ಚಾಗಿ ಲಿಂಕ್ ರಾಡ್. ಬ್ರೇಕ್ ಹಾಕಿದಾಗ, ಬಿಟ್ಟಾಗ 'ಟಕ್' ಎಂದರೆ ಲೋವರ್ ಆರ್ಮಿನ ಬುಷ್. ನಿಧಾನವಾಗಿ ಹಂಪ್ ಇಳಿಯುವಾಗ 'ಕಿರ್ರ್' ಎಂದರೆ ಒಣಗಿದ ರಬ್ಬರ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಹತ್ತಿರ ಟಣ್ ಎಂದರೆ ಸ್ಟ್ರಟ್ ಮೌಂಟ್. ಇವು ಕಟ್ಟುನಿಟ್ಟಿನ ನಿಯಮಗಳಲ್ಲ. ಆದರೆ "ಏನೋ ಸದ್ದು ಬರ್ತಾ ಇದೆ, ನೋಡಿ" ಅನ್ನುವುದಕ್ಕಿಂತ ಯಾವಾಗ, ಎಲ್ಲಿಂದ, ಹೇಗೆ ಅಂತ ಹೇಳಿದರೆ ಮೆಕ್ಯಾನಿಕ್ಕಿಗೂ ಸುಲಭ, ನಿಮ್ಮ ಜೇಬಿಗೂ ಕ್ಷೇಮ.

ಇಷ್ಟು ತಿಳಿದುಕೊಂಡು ಹೋದರೆ ಗ್ಯಾರೇಜಿನ ಮಾತುಕತೆಯೇ ಬದಲಾಗುತ್ತದೆ. "ಸಾರ್, ಪೂರ್ತಿ ಸಸ್ಪೆನ್ಷನ್ ಹೋಗಿದೆ, ಎಲ್ಲಾ ಚೇಂಜ್ ಮಾಡ್ಬೇಕು" ಅಂದಾಗ, "ಕಾರು ಮೇಲೆತ್ತಿ, ಯಾವ ಬುಷ್ ಹರಿದಿದೆ ತೋರಿಸಿಬಿಡಿ ಅಣ್ಣಾ, ನಾನೂ ನೋಡ್ತೀನಿ" ಅಂತ ಕೇಳಿ. ಒಳ್ಳೆ ಮೆಕ್ಯಾನಿಕ್ ಖುಷಿಯಿಂದ ತೋರಿಸುತ್ತಾರೆ. ಬದಲಿಸಿದ ಹಳೇ ಸಾಮಾನನ್ನೂ ಕೇಳಿ ಪಡೆಯಿರಿ.

ಟೈರೇ ಮೊದಲ ಸಸ್ಪೆನ್ಷನ್

ಗುಂಡಿಯ ಪೆಟ್ಟು ಮೊದಲು ಬೀಳುವುದು ಟೈರಿನ ಮೇಲೆ. ಅದರ ಪಕ್ಕದ ಗೋಡೆ ಎತ್ತರ ಇದ್ದಷ್ಟೂ ಬಗ್ಗಿ ಪೆಟ್ಟು ನುಂಗುತ್ತದೆ. ಟೈರಿನ ಮೇಲೆ 165/80 ಆರ್14 ಅಂತ ಬರೆದಿದ್ದರೆ, 165 ಎಂಬುದು ಮಿಲಿಮೀಟರಿನಲ್ಲಿ ಅಗಲ, 80 ಎಂಬುದು ಆ ಅಗಲದ ಶೇಕಡಾ ಎಷ್ಟು ಗೋಡೆಯ ಎತ್ತರ ಎಂಬುದು, 14 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಅಂದರೆ ಗೋಡೆ 132 ಮಿ.ಮೀ. ಅದೇ ಕಾರಿಗೆ 185/65 ಆರ್15 ಹಾಕಿದರೆ ಗೋಡೆ 120 ಮಿ.ಮೀ., 195/55 ಆರ್16 ಹಾಕಿದರೆ 107. ಮೂರರದ್ದೂ ಹೊರಗಿನ ವ್ಯಾಸ ಹೆಚ್ಚುಕಡಿಮೆ 62 ಸೆಂ.ಮೀ.ಯೇ. ಅಂದಕ್ಕಾಗಿ 14ರಿಂದ 16 ಇಂಚಿಗೆ ಹೋದವರು ಎರಡೂವರೆ ಸೆಂ.ಮೀ. ಮೆತ್ತೆಯನ್ನು ಬಿಟ್ಟುಕೊಟ್ಟ ಹಾಗಾಯಿತು. ಮೇಲಾಗಿ ದೊಡ್ಡ ರಿಮ್ ಭಾರವಾಗಿದ್ದರೆ ಅದನ್ನು ಹತೋಟಿಯಲ್ಲಿಡುವುದು ಶಾಕಪ್ಪಿಗೆ ಇನ್ನೂ ಕಷ್ಟ. ಹೊಂಡದ ಊರಿನವರಿಗೆ ಸಣ್ಣ ರಿಮ್, ದಪ್ಪ ಟೈರೇ ಲೇಸು.

ಗಾಳಿಯ ವಿಷಯದಲ್ಲಿ ಊಹೆ ಬೇಡ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಇಬ್ಬರಿದ್ದಾಗ ಎಷ್ಟು, ಕಾರು ತುಂಬಿದಾಗ ಎಷ್ಟು ಎಂದು ಬರೆದಿರುತ್ತದೆ. ಟೈರ್ ತಣ್ಣಗಿರುವಾಗ ಅಷ್ಟೇ ತುಂಬಿಸಿ. ಮೆತ್ತಗಿರಲಿ ಅಂತ ಗಾಳಿ ಇಳಿಸಿದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರಿನ ಗೋಡೆ ಜಜ್ಜಿಹೋಗುತ್ತದೆ, ಹೆದ್ದಾರಿಗೆ ಬಂದಾಗ ಕಾದು ಸಿಡಿಯುವ ಅಪಾಯವೂ ಇದೆ. ಹೆಚ್ಚು ತುಂಬಿಸಿದರೆ ಟೈರ್ ಕಲ್ಲಾಗಿ ಪುಟಿಯುತ್ತದೆ. ಗೋಡೆಯ ಮೇಲೆ ಗುಳ್ಳೆಯ ಹಾಗೆ ಉಬ್ಬು ಕಂಡರೆ ಆ ಟೈರಿನಲ್ಲಿ ಘಾಟಿ ಇಳಿಯಬೇಡಿ, ಬದಲಿಸಿ. ಟೈರಿನ ವಯಸ್ಸು ತಿಳಿಯಲು ಕೊನೆಯ ನಾಲ್ಕು ಅಂಕಿ ನೋಡಿ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು.

ಏನು ಹಾಕಿಸಬಹುದು, ಏನು ಬೇಡ?

ಶಾಕಪ್ ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಇದ್ದರೆ ಕಾರು ಒಂದು ಕಾಲು ಎಳೆದು ನಡೆಯುವವರ ಹಾಗೆ ಆಗುತ್ತದೆ. ನಿಮ್ಮ ಮಾಡೆಲ್ಲಿಗೇ ಮಾಡಿದ ಗ್ಯಾಸ್ ತುಂಬಿದ ಶಾಕಪ್ ಸಿಕ್ಕರೆ ಒಳ್ಳೆಯದೇ. ಒಳಗಿನ ನೈಟ್ರೋಜನ್ ಒತ್ತಡದಿಂದ ಎಣ್ಣೆ ನೊರೆ ಕಟ್ಟುವುದಿಲ್ಲ, ಉದ್ದನೆಯ ಕೆಟ್ಟ ದಾರಿಯಲ್ಲಿ ಬೇಗ ಸೋಲುವುದಿಲ್ಲ. ಜೊತೆಗೇ ಬಂಪ್ ಸ್ಟಾಪ್ ರಬ್ಬರ್ ಮತ್ತು ಸ್ಟ್ರಟ್ ಮೌಂಟನ್ನೂ ನೋಡಿಸಿ. ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ. ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮರೆಯಬೇಡಿ.

ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳು ಈಗ ಎಲ್ಲಾ ಕಡೆ ಸಿಗುತ್ತವೆ. ಅಗ್ಗ, ಅರ್ಧ ಗಂಟೆಯ ಕೆಲಸ. ಕಾರು ಸ್ವಲ್ಪ ಎತ್ತರವಾಗುತ್ತದೆ, ನೆಲ ತಾಗುವುದು ಕಡಿಮೆಯಾಗುತ್ತದೆ. ಆದರೆ ರಬ್ಬರ್ ಕೂತ ಸುರುಳಿ ಕೆಲಸ ನಿಲ್ಲಿಸಿ, ಉಳಿದ ಸುರುಳಿಗಳ ಮೇಲೆ ಹೊರೆ ಬೀಳುತ್ತದೆ. ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಆಡುವ ಜಾಗ ಕಡಿಮೆಯಾಗುತ್ತದೆ. ಸೋತ ಸ್ಪ್ರಿಂಗಿಗೆ ಇದು ಊರುಗೋಲು ಮಾತ್ರ. ಹೊಸ ಸ್ಪ್ರಿಂಗ್ ಜೋಡಿ ಹಾಕಿಸುವುದೇ ಮದ್ದು.

ಸ್ಪೇಸರ್ ಇಟ್ಟು ಇಡೀ ಕಾರನ್ನು ಎತ್ತರಿಸುವುದು ಇನ್ನೂ ಗಂಭೀರ ವಿಷಯ. ಭಾರದ ಕೇಂದ್ರ ಮೇಲೇರಿದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು. ಚಕ್ರಕ್ಕೆ ಶಕ್ತಿ ಕೊಡುವ ಡ್ರೈವ್ ಶಾಫ್ಟಿನ ಕೋನ ಬದಲಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ಸ್ಥಿರತೆ ಬೇಕೆಂದು ಹೊರಟವರು ಅಸ್ಥಿರತೆ ಕೊಂಡು ತಂದ ಹಾಗೆ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮಾ ಕಂಪನಿಯವರು ಇಂಥ ಮಾರ್ಪಾಡನ್ನು ಹಿಡಿದು ತಕರಾರು ತೆಗೆಯಬಹುದು. ಕಂಪನಿ ಸೂಚಿಸಿದ ಅಳತೆಯ ಬಿಡಿಭಾಗ ಬದಲಿಸುವುದಕ್ಕೆ ಈ ಯಾವ ತೊಂದರೆಯೂ ಇಲ್ಲ.

ತುಂಬಿದ ಕಾರಿನ ಲೆಕ್ಕ

ಐದು ಜನ, ಡಿಕ್ಕಿ ತುಂಬಾ ಸಾಮಾನು, ಬರುವಾಗ ಊರಿನಿಂದ ಅಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು. ಇದು ನಮ್ಮ ಕಾರಿನ ನಿಜವಾದ ಪರೀಕ್ಷೆ. ಹಿಂಭಾಗ ಕುಸಿದರೆ ಸ್ಪ್ರಿಂಗಿಗೆ ಆಡಲು ಜಾಗವೇ ಉಳಿಯುವುದಿಲ್ಲ, ಪ್ರತಿ ಗುಂಡಿಗೂ ದಡಾರ್ ಎಂದು ತಳ ಕಾಣುತ್ತದೆ. ಭಾರದ ಮೂಟೆ ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಹಗುರದ್ದು ಮೇಲಿರಲಿ. ಟಾಪಿನ ಮೇಲೆ ಅಕ್ಕಿಮೂಟೆ ಕಟ್ಟಿ ಘಾಟಿ ಇಳಿಯುವುದಂತೂ ಬೇಡವೇ ಬೇಡ. ಹಿಂಭಾಗ ಕುಸಿದಾಗ ಹೆಡ್‌ಲೈಟ್ ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ಅಂಕಿ ಇರುವ ಸಣ್ಣ ಗಾಲಿ ಇದೆಯಲ್ಲ, ಅದು ಬೆಳಕನ್ನು ಇಳಿಸುವುದಕ್ಕೇ ಇರುವುದು.

ಯಾರು ಎಲ್ಲಿ ಕೂರಬೇಕು ಎಂಬುದೂ ಮುಖ್ಯ. ಹಿಂದಿನ ಚಕ್ರದ ನೇರ ಮೇಲೆ ಕುಲುಕಾಟ ಜಾಸ್ತಿ, ಎರಡು ಚಕ್ರಗಳ ನಡುವೆ ಕಡಿಮೆ. ಮೂರು ಸಾಲಿನ ಕಾರಿನಲ್ಲಿ ಅಜ್ಜ-ಅಜ್ಜಿಯರನ್ನು ಕೊನೆಯ ಸಾಲಿಗೆ ತಳ್ಳಬೇಡಿ. ಮಧ್ಯದ ಸಾಲು ಅಥವಾ ಮುಂದಿನ ಸೀಟು ಅವರಿಗಿರಲಿ. ಬೆನ್ನುನೋವಿನವರು, ಗರ್ಭಿಣಿಯರು ಇದ್ದರೆ ಹೊರಡುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಿ. ದಾರಿಯಲ್ಲಿ ಗಂಟೆಗೊಮ್ಮೆಯಾದರೂ ನಿಲ್ಲಿಸಿ.

ಖರ್ಚಿಲ್ಲದ ಸುಧಾರಣೆ

ಓಡಿಸುವ ಕೈ ಸರಿ ಇದ್ದರೆ ಅರ್ಧ ಸಮಸ್ಯೆ ಮುಗಿಯಿತು. ಗುಂಡಿ ಕಂಡ ಕೂಡಲೇ ಎಲ್ಲರೂ ಬ್ರೇಕ್ ಒತ್ತುತ್ತಾರೆ. ಗುಂಡಿಯೊಳಗೆ ಇಳಿದಾಗಲೂ ಒತ್ತಿಯೇ ಇರುತ್ತಾರೆ. ಬ್ರೇಕ್ ಹಾಕಿದಾಗ ಕಾರಿನ ಮೂತಿ ತಗ್ಗಿ ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ, ಪೆಟ್ಟು ನುಂಗಲು ಜಾಗ ಎಲ್ಲಿಂದ ಬರಬೇಕು? ಗುಂಡಿಗೆ ಮೊದಲೇ ವೇಗ ತಗ್ಗಿಸಿ, ಚಕ್ರ ಇಳಿಯುವ ಹೊತ್ತಿಗೆ ಬ್ರೇಕ್ ಬಿಟ್ಟುಬಿಡಿ. ವ್ಯತ್ಯಾಸ ಹಿಂದೆ ಕೂತವರೇ ಹೇಳುತ್ತಾರೆ.

ಹಂಪನ್ನು ನೇರವಾಗಿ ದಾಟಿ, ಎರಡು ಚಕ್ರವೂ ಒಟ್ಟಿಗೆ ಹತ್ತಲಿ. ತಳ ತಾಗುವಷ್ಟು ಎತ್ತರ ಇದ್ದರೆ ಮಾತ್ರ ತೀರಾ ನಿಧಾನವಾಗಿ ಓರೆಯಾಗಿ ಹತ್ತಿ. ನೀರು ತುಂಬಿದ ಗುಂಡಿಯ ಆಳ ಗೊತ್ತಾಗುವುದಿಲ್ಲ, ಮುಂದೆ ಹೋಗುವ ವಾಹನದ ಚಕ್ರ ಎಷ್ಟು ಮುಳುಗಿತು ನೋಡಿ. ಅದಕ್ಕೂ ಮುಂದಿನ ವಾಹನಕ್ಕೆ ಅಂಟಿಕೊಂಡು ಹೋಗಬಾರದು. ಅಂಟಿಕೊಂಡರೆ ಗುಂಡಿ ಕಾಣುವುದು ಅದು ನಿಮ್ಮ ಚಕ್ರದಡಿ ಬಂದ ಮೇಲೆಯೇ. ಗುಂಡಿ ತಪ್ಪಿಸಲು ಸರಕ್ಕನೆ ಪಕ್ಕಕ್ಕೆ ತಿರುಗಿಸಬೇಡಿ, ಪಕ್ಕದಲ್ಲೇ ಬೈಕಿನವರಿರುತ್ತಾರೆ. ರಿಮ್ ಹೋದರೆ ಇನ್ನೊಂದು ತರಬಹುದು.

ಜಲ್ಲಿ ರಸ್ತೆಯಲ್ಲಿ ತಗಡಿನ ಶೀಟಿನಂಥ ಸಣ್ಣ ಸಣ್ಣ ಅಲೆಗಳಿದ್ದರೆ ಕೆಲವರು ವೇಗ ಹೆಚ್ಚಿಸುತ್ತಾರೆ. "ಜೋರಾಗಿ ಹೋದ್ರೆ ಗೊತ್ತೇ ಆಗಲ್ಲ" ಅನ್ನುತ್ತಾರೆ. ಗೊತ್ತಾಗದಿರುವುದು ಚಕ್ರ ಅಲೆಯ ತುದಿಗಳನ್ನಷ್ಟೇ ಮುಟ್ಟುತ್ತಾ ಹಾರುತ್ತಿರುವುದರಿಂದ. ಆಗ ಎದುರಿಗೆ ಎಮ್ಮೆ ಬಂದರೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ದುಡ್ಡು ಎಲ್ಲಿಂದ ಶುರು ಮಾಡಬೇಕು?

ಮೊದಲು ಗಾಳಿ, ಅದಕ್ಕೆ ಹೆಚ್ಚೆಂದರೆ ಚಹಾದ ಖರ್ಚು. ಆಮೇಲೆ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್, 5ರಿಂದ 10 ಸಾವಿರ ಕಿ.ಮೀ.ಗೆ ಒಮ್ಮೆ, ದೊಡ್ಡ ಗುಂಡಿಗೆ ಬಿದ್ದರೆ ಕೂಡಲೇ. ನಂತರ ಬುಷ್, ಲಿಂಕ್ ರಾಡುಗಳಂಥ ಸಣ್ಣ ಸಾಮಾನು. ಅದಾದ ಮೇಲೂ ಕುಲುಕಾಟ ಇದ್ದರೆ ಶಾಕಪ್ ಜೋಡಿ. ಟೈರ್ ಬದಲಿಸುವ ಕಾಲ ಬಂದಾಗ ಕಂಪನಿ ಒಪ್ಪಿದ ಅಳತೆಗಳಲ್ಲಿ ಗೋಡೆ ಎತ್ತರದ್ದನ್ನು ಆರಿಸಿ. ಹೊಸ ಕಾರು ಕೊಳ್ಳುವವರು ಶೋರೂಮಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಒಪ್ಪಬೇಡಿ. ನಾಲ್ಕು ಜನ ಕೂತು, ನಿಮ್ಮ ಬಡಾವಣೆಯ ಕೆಟ್ಟ ರಸ್ತೆಯಲ್ಲೇ ಓಡಿಸಿ ನೋಡಿ. ಹಿಂದಿನ ಸೀಟಿನಲ್ಲಿ ಒಂದು ಸಲ ನೀವೇ ಕೂತು ನೋಡಿ.

ರಸ್ತೆ ಸರಿ ಮಾಡುವುದು ನಮ್ಮ ಕೈಯಲ್ಲಿಲ್ಲ. ಹೊರಡುವ ಹಿಂದಿನ ದಿನ ನಾಲ್ಕು ಮೂಲೆ ಒತ್ತಿ ನೋಡುವುದು, ಟೈರ್ ಸವರುವುದು, ಗಾಳಿ ತುಂಬಿಸುವುದು ನಮ್ಮ ಕೈಯಲ್ಲೇ ಇದೆ. ಹತ್ತು ನಿಮಿಷದ ಕೆಲಸ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ, ಅವರೂ ಕಲಿಯುತ್ತಾರೆ.